ಉಗುರಿಗೆ ಸಿಗದ ಹಾಗೆ

ಕೋಡಿಬಾಗದಲ್ಲಿ ಐಸ್ ಫ್ಯಾಕ್ಟರಿ ಮುಚ್ಚಿದ ಮೇಲೆ
ಖಾಲಿ ಬಿದ್ದಿದ್ದ ಉದ್ದನೆಯ ಕೋಣೆ ಬಾಡಿಗೆಗೆ ಹಿಡಿದೆ.
ಗೋಡೆಯಲ್ಲಿ ಇನ್ನೂ ಉಪ್ಪು, ಅಮೋನಿಯಾದ ಹಳೆ ಕಮಟು.
ಎರಡು ಮೇಜು ಜೋಡಿಸಿ ಮಲಗಿಸಿದ್ದು ಒಂದು ರೆಕ್ಕೆ.
ಪೆಟ್ಟಿಗೆಯಲ್ಲಿ ಬಂದದ್ದು, ನಕ್ಷೆ ಸಮೇತ:
ಪಕ್ಕೆಲುಬು ಹದಿನಾಲ್ಕು, ಬೆನ್ನೆಲುಬು ಒಂದು,
ಚರ್ಮ ನಾನೇ ಹೊದಿಸಬೇಕು.

ಬಿಣಗಾದ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಫಿಟ್ಟರ್.
ಪೈಪು, ವಾಲ್ವು, ಫ್ಲೇಂಜು. ಅಲ್ಲಿ ಸೋರದಿದ್ದರೆ ಸಾಕಿತ್ತು.
ಇಲ್ಲಿ ಲೆಕ್ಕ ಕೇಳುವುದು ಗಾಳಿ.
ಕಾಗದದಷ್ಟು ಮೆಟ್ಟಿಲು ಸಿಕ್ಕರೂ ಎಡವುತ್ತದೆ,
ಎಡವಿದ್ದನ್ನು ಮರೆಯುವುದಿಲ್ಲ.

ಬೆಳಿಗ್ಗೆ ಆರಕ್ಕೆ ತೆಪ್ಪಗೆ ಕೂತ ತಗಡು
ಹನ್ನೊಂದಕ್ಕೆ ಉಬ್ಬುತ್ತದೆ.
ಒತ್ತಿದರೆ ಟೊಕ್ ಎಂದು ಒಳಗೆ, ಬಿಟ್ಟರೆ ಟೊಕ್ ಎಂದು ಹೊರಗೆ,
ಎಣ್ಣೆ ಡಬ್ಬಿಯ ತಳದ ಹಾಗೆ.
ಅದಕ್ಕೇ ಕೆಲಸ ನಸುಕಿನಲ್ಲಿ,
ಕಾಳಿ ಹೊಳೆಯ ತಂಪು ಎಲುಬಿಗೂ ಚರ್ಮಕ್ಕೂ
ಒಂದೇ ಆಗಿರುವ ಹೊತ್ತಿನಲ್ಲಿ.

ರಿವೆಟ್ಟಿಗೆ ಇಬ್ಬರು ಬೇಕು.
ಹೊರಗೆ ಗನ್ ಹಿಡಿದವರು, ಒಳಗೆ ಉಕ್ಕಿನ ತುಂಡು ಆನಿಸಿ ಹಿಡಿದವರು.
ಪಕ್ಕೆಲುಬಿನ ತೂತಿನಲ್ಲಿ ನನ್ನ ಕೈ
ಮೊಣಕೈಗೆ ಮೊದಲೇ ಸಿಕ್ಕಿಕೊಳ್ಳುತ್ತದೆ.
ಹಾಗಾಗಿ ಬಂದವಳು ಸುಗಂಧಾ ತಾಂಡೇಲ,
ಮಾರ್ಕೆಟ್ಟಿನಲ್ಲಿ ಮೀನು ಹೆಚ್ಚುವವಳು.
ಹೆಸರಿಗೆ ನಗಬೇಡಿ, ಅವಳೇ ಸಾಕಷ್ಟು ನಕ್ಕಿದ್ದಾಳೆ.
ಗಂಟೆಗೆ ಇಷ್ಟೆಂದು ಚೌಕಾಸಿ ಮಾಡಿಯೇ ಕೈ ಒಳಗಿಟ್ಟಳು.
ಬಳೆ ತೆಗಿ ಎಂದೆ.
ಹಸಿರು ಬಳೆ ತೆಗೆಯುವುದಿಲ್ಲ ಎಂದು
ಮೇಲೊಂದು ಬಟ್ಟೆ ಚೂರು ಸುತ್ತಿಕೊಂಡಳು.

ಕೈಕೊಟ್ಟದ್ದು ಮೂರು ತಗಡು ಕೂಡುವ ಮೂಲೆ.
ಮೂತಿಯದು, ಟ್ಯಾಂಕಿನದು, ಬೆನ್ನಿನದು,
ಒಂದರ ಮೇಲೊಂದು ಹತ್ತಿ
ಮೇಲಿನದು ಪೋಸ್ಟ್‌ಕಾರ್ಡಿನಷ್ಟು ಎದ್ದು ನಿಂತಿತ್ತು.
ಪುಟ್ಟಿ ಮೆತ್ತಿ ಬಣ್ಣ ಹೊಡೆದರೆ ಯಾರಿಗೆ ಕಾಣುತ್ತದೆ, ಅಂದೆ.
ಅಂದದ್ದು ಅವಳಿಗಲ್ಲ, ನನಗೇ.

ಸುಗಂಧಾ ಹೆಬ್ಬೆರಳು ಎಳೆದಳು, ಮೂತಿಯಿಂದ ಬಾಲಕ್ಕೆ,
ಆಮೇಲೆ ಬಾಲದಿಂದ ಮೂತಿಗೆ.
"ಮೀನಾದರೆ ಹೀಗೆ ಹೋದಾಗ ಜಾರಬೇಕು,
ಹಾಗೆ ಬಂದಾಗ ಹುರುಪೆ ತಡೆಯಬೇಕು.
ಇದು ಎರಡೂ ಕಡೆ ತಡೆಯುತ್ತದಲ್ಲ ಮೇಸ್ತ್ರಿ,
ಇಂಥ ಮೀನು ಯಾವ ನೀರಲ್ಲಿ ಈಜುತ್ತದೆ?"

ಹತ್ತೊಂಬತ್ತು ರಿವೆಟ್ಟು ಕೊರೆದು ತೆಗೆದೆ.
ಕೆಳಗಿನ ತಗಡಿನ ಮೂಲೆಗೆ ಅರ ಹಿಡಿದೆ,
ದಪ್ಪ ತೆಳುವಾಗಿ, ತೆಳು ಇನ್ನೂ ತೆಳುವಾಗಿ,
ಎಲ್ಲಿ ಮುಗಿಯಿತೆಂದು ತಗಡಿಗೇ ತಿಳಿಯದ ಹಾಗೆ.
ಮೂರು ಬೆಳಗು ಬರೀ ಅದೇ.
ಬೆಳ್ಳಿ ಹುಡಿ ಉಗುರಿನ ಸಂದಿಯಲ್ಲಿ, ಚಹಾದ ಲೋಟದಲ್ಲಿ.
ಮೇಲಿನ ತಗಡಿನ ಅಂಚನ್ನು ಒಂದಿಷ್ಟು ಬಾಗಿಸಿದೆ,
ಹಿರಿಯರೆದುರು ತಲೆ ತಗ್ಗಿಸಿದಷ್ಟಲ್ಲ,
ಕೇಳಿಸಿತು ಎಂದು ಗದ್ದ ಅಲುಗಿಸಿದಷ್ಟು.

ನಾಲ್ಕನೇ ನಸುಕಿಗೆ ಮತ್ತೆ ರಿವೆಟ್ಟು ಬಡಿದು
ಉಗುರು ಎಳೆದೆ. ಉಗುರು ಹೋಯಿತು.
ಅವಳು ಕಣ್ಣು ಮುಚ್ಚಿ ಎಳೆದಳು.
"ಎಲ್ಲಿದೆ ಮೂಲೆ?"
ಬೆರಳು ಅದನ್ನು ದಾಟಿ ಗೇಣುದ್ದ ಮುಂದೆ ಹೋಗಿತ್ತು.

ಅವತ್ತೇ ಕೊನೆಯ ಸಾಲು ಮುಗಿಸಿ
ರೆಕ್ಕೆಯನ್ನು ಮಗ್ಗುಲಾಗಿ ನಿಲ್ಲಿಸಿದೆವು.
ಒಳಗೆಲ್ಲೋ, ಕಿಣ್.

ತಿರುಗಿಸಿದೆವು. ಕಿಣ್.
ಸುಗಂಧಾ ಬಟ್ಟೆ ಬಿಚ್ಚಿ ಬಳೆ ಎಣಿಸಿದಳು.
ತುಟಿ ಮಾತ್ರ ಅಲುಗುತ್ತಿತ್ತು.

ಹೊಟ್ಟೆಯ ಕಡೆ ಅಂಗೈಯಗಲದ ಒಂದು ಮುಚ್ಚಳ, ತಪಾಸಣೆಗೆಂದು.
ಸ್ಕ್ರೂ ಬಿಚ್ಚಿದೆ.
ತತ್ತಿಯ ಚೀಲ ಹರಿಯದ ಹಾಗೆ ಹೊರತೆಗೆಯುವ ಕೈ
ಒಳಗೆ ಹೋಯಿತು, ಭುಜದ ತನಕ,
ಕೆನ್ನೆ ಲೋಹಕ್ಕೆ ಒತ್ತಿ, ನನ್ನ ಕಡೆ ನೋಡುತ್ತ,
ಏನನ್ನೂ ನೋಡದೆ.

ಚೂರು ಬಂತು. ಕೊತ್ತಂಬರಿ ಬೀಜದಷ್ಟು, ಹಸಿರು.
ಮೇಜಿನ ಮೇಲಿಟ್ಟು,
"ಇದಕ್ಕೆ ಗಂಟೆ ಲೆಕ್ಕ ಹಿಡಿಯಬೇಡಿ" ಅಂದಳು.
ಮಾರ್ಕೆಟ್ಟಿಗೆ ಹೊತ್ತಾಗಿತ್ತು, ಹೋದಳು.

ಮುಚ್ಚಳ ಮತ್ತೆ ಕೂರಿಸಿದೆ.
ಅದರ ಅಂಚು ಉಗುರಿಗೆ ಸಿಗುತ್ತಿತ್ತು.